ಅಂಗೈಯೊಳಗಿನ ಕತ್ತಲು

ಹರಿಗೋಲು ಮಗುಚಿದ ಮೂರನೆಯ ದಿನ, ಹೊನ್ನಾಳಿಯ ಕೆಳಗೆ ಹೊಳೆಯ ಬಂಡೆಯೊಂದರ ಬಳಿ ಶಂಕ್ರಮ್ಮನ ದೇಹ ಸಿಕ್ಕಿತೆಂದು ನ್ಯಾಮತಿಯ ಮನೆಗೆ ಸುದ್ದಿ ಬಂತು. ಅದೇ ಹೊಳೆಗೆ ಬಿದ್ದು ಬದುಕಿ ಬಂದಿದ್ದ ಗಂಡ ಜಯದೇವಪ್ಪ ಆಗಲೂ ಲಿಂಗ ಕಟ್ಟಿದ್ದ, ಹರಿದ ಶಿವದಾರವೊಂದನ್ನು ಹಿಡಿದು ಕುಳಿತಿದ್ದ. ಮುಳುಗುತ್ತಿದ್ದ ಹೆಂಡತಿಯನ್ನು ಎಳೆಯಲು ಹೋದಾಗ ಅವನ ಕೈಗೆ ಸಿಕ್ಕಿದ್ದು ಅವಳ ಕೊರಳಿನ ಇಷ್ಟಲಿಂಗವೊಂದೇ.

ಸಂಜೆಯೊಳಗೆ ಮಣ್ಣು ಕೊಟ್ಟರು. ಗುಣಿಯಲ್ಲಿ ಕುಳ್ಳಿರಿಸಿದ ದೇಹದ ಎಡ ಅಂಗೈಯಲ್ಲಿ ಲಿಂಗವನ್ನು ಅವನೇ ಇಟ್ಟ. ಮುಖಕ್ಕೆ ಬಟ್ಟೆ ಮುಚ್ಚಿದ್ದರು. ಮೀನು ಮುಟ್ಟಿವೆ, ನೋಡಬೇಡ ಎಂದರು.

ಹನ್ನೊಂದನೆಯ ದಿನ ಬೆಳಗ್ಗೆ ಅಕ್ಕ ದ್ಯಾಮಮ್ಮ ಪೂಜೆಗೆ ನೀರು ತಂದಾಗ, ಜಯದೇವಪ್ಪ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕಣ್ಣು ಮುಚ್ಚಿದ್ದ. ಹಣೆಯ ವಿಭೂತಿಯ ಮೇಲೆ ಬೆವರು ಇಳಿಯುತ್ತಿತ್ತು.

“ಏನಾತೋ?”

“ಏನೂ ಕಾಣ್ತಿಲ್ಲ ಅಕ್ಕ. ಮೊದ್ಲು ಕಣ್ಣು ಮುಚ್ಚಿದ್ರೆ ಒಳಗೆ ಲಿಂಗ ಬಂದು ನಿಲ್ಲೋದು. ಈಗ ಅದೂ ಇಲ್ಲ, ಅವಳ ಮುಖಾನೂ ಇಲ್ಲ.”

“ಎಲ್ಲಿ, ಅವಳ ಮೂಗುಬೊಟ್ಟು ಯಾವ ಕಡೆ ಇತ್ತು ಹೇಳು?”

“ಎಡಕ್ಕೆ. ಗದ್ದದ ಮೇಲೆ ಹಚ್ಚೆ, ಮೂರು ಚುಕ್ಕಿ. ನಕ್ಕರೆ ಬಲಗಡೆ ಒಂದು ಸೊಟ್ಟ ಹಲ್ಲು. ಹೇಳಾಕೆ ಎಲ್ಲಾ ಬರ್ತೈತೆ, ಕಾಣಾಕೆ ಬರಲ್ಲ.”

“ಸೊಟ್ಟ ಹಲ್ಲು ಅಂದಿದ್ದು ಕೇಳಿದ್ರೆ ಎದ್ದು ಬಂದು ನಿನ್ನ ಕಿವಿ ಹಿಂಡ್ತಾಳೆ, ನೋಡು.”

“ಬರ್ಲಿ ಅಂತಾನೇ ಹೇಳಿದ್ದು.”

ದ್ಯಾಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಗ ಅವನ ಮಣಿಕಟ್ಟಿನಿಂದ ಜೋತಿದ್ದ ದಾರ ಕಣ್ಣಿಗೆ ಬಿತ್ತು. ಹೆಣ್ಣಿನ ಕೊರಳಿನ ಅರಿಶಿನ ಹತ್ತಿ ಹಳದಿಯಾದ ದಾರ. ನಡುವೆ ಹರಿದಲ್ಲಿ ಗಂಟು ಹಾಕಲಾಗಿತ್ತು. ಅವಳ ಕೈಯಿಂದ ತಂಬಿಗೆ ಜಾರಿತು.

“ಇದು ಅವಳದು ಕಣೋ! ಹಂಗಾದ್ರೆ ಮಣ್ಣಾಗೆ ಹೋಗಿದ್ದು...”

“ಅವಳದೂ ನಂದೂ ಎರಡನ್ನೂ ತೊಳೆದು ಒಂದೇ ತಟ್ಟೇಲಿ ಇಟ್ಟಿದ್ದೆ. ಅವಳ ಕೈಗೆ ಹೋಗಿದ್ದು ನಂದು.” ಅವನ ದನಿಯಲ್ಲಿ ಗಾಬರಿಯಿರಲಿಲ್ಲ. “ಅದಕ್ಕೇ ಕಣ್ಣು ಮುಚ್ಚಿದ್ರೆ ಬರೇ ಕತ್ತಲು. ಹಸಿ ಮಣ್ಣಿನ ವಾಸನೆ ಬರ್ತೈತೆ ಅಕ್ಕ. ನಿನಗೆ ಬರಲ್ವಾ?”

“ಬಿಡ್ತು ಅನ್ನು! ಅಯ್ಯನೋರಿಗೆ ಹೇಳಿ ಗುಣಿ ತೆಗೆಸಾಣ.”

“ಬ್ಯಾಡ. ಹೊಳ್ಯಾಗೆ ಅವಳ ಕೈ ಸಿಗಲಿಲ್ಲ. ಈಗ ಅವಳ ಕೈಯಾಗೆ ನಾನಿದೀನಿ. ಬಿಡಿಸಬ್ಯಾಡ.”

ಅಂಗಳದಲ್ಲಿ, ಹನ್ನೊಂದರ ಕಾರ್ಯಕ್ಕೆ ಬಂದ ಜಂಗಮ ಅಯ್ಯನವರ ಗಂಟೆ ಕೇಳಿಸಿತು. ಹೋದ ಜೀವಕ್ಕೆ ಶಾಂತಿ ಬೇಡಿಕೊಳ್ಳಿರಿ ಎಂದರು. ಜಯದೇವಪ್ಪ ಅವಳ ಲಿಂಗವನ್ನು ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಗುಣಿಯಲ್ಲಿ ಅವಳನ್ನು ಕುಳ್ಳಿರಿಸಿದ ರೀತಿಯಲ್ಲೇ ಕುಳಿತು ಕಣ್ಣು ಮುಚ್ಚಿದ. ದ್ಯಾಮಮ್ಮ ಕೈ ಮುಗಿದಳು. ಶಂಕ್ರಮ್ಮನ ಹೆಸರು ಹೇಳಲು ಹೋಗಿ ತಡೆದುಕೊಂಡಳು.

“ಶಿವನೇ,” ಎಂದಳು ಕೊನೆಗೆ, “ಮಣ್ಣಾಗಿರೋ ಇಬ್ಬರಿಗೂ ಶಾಂತಿ ಕೊಡಪ್ಪ.”