ಹೊಸ್ತಿಲು ದಾಟಿದವರ ಮಿತಿ

ಪುರದ ಜನನ ಮರಣಗಳ ದತ್ತಕೋಶವನ್ನು ನಲವತ್ತು ಮಂದಿ ಧಾರಕರು ಒಂದೇ ಭವನದಲ್ಲಿ ಕುಳಿತು ಕಂಠದಲ್ಲಿ ಹೊತ್ತಿದ್ದರು. ಒಬ್ಬೊಬ್ಬರ ಮಿತಿ ಹತ್ತು ಸಾವಿರ ಹೆಸರು. ಮೀರಿದವರ ತಲೆಯನ್ನು ಕಾವಲುಯಂತ್ರವು ಕಡಿಯುತ್ತಿತ್ತು.

ಆ ಮಧ್ಯಾಹ್ನ ಮೂರು ತಲೆಗಳು ಉರುಳಿದ ಮೇಲೆ ಪಾಲಕ ಅಜಿತಸೇನಯ್ಯನವರು ನಿಯಮದ ಹಲಗೆಯಲ್ಲಿ ಮಿತಿಯನ್ನು ಇಪ್ಪತ್ತು ಸಾವಿರವೆಂದು ತಿದ್ದಿದರು. ಆದರೂ ನಾಲ್ಕನೆಯದು ಉರುಳಿತು. ಅದು ಧಾರಕಿ ಜಿನಮತಿಯ ಅಣ್ಣ ಪದ್ಮರಥನದು. ಅವನ ನೆತ್ತರು ಪಕ್ಕದಲ್ಲೇ ಕುಳಿತಿದ್ದ ಅವಳ ಮಡಿಲಿಗೆ ಹರಿಯಿತು.

“ಅಯ್ಯ, ನನ್ನಲ್ಲಿ ಇನ್ನು ಏಳೇ ಹೆಸರಿಗೆ ಸ್ಥಳ. ನಿಮ್ಮ ಕೈಬರಹ ಯಂತ್ರಕ್ಕೂ ತಿಳಿಯದೇ?” ಎಂದಳು ಜಿನಮತಿ.

“ತಿಳಿಯುತ್ತದೆ ತಾಯಿ. ಆದರೆ ಹೊಸ ಮಿತಿ ಭವನದ ಹೊಸ್ತಿಲು ದಾಟಿ ಒಳಬರುವವರಿಗೆ ಮಾತ್ರ. ಒಮ್ಮೆ ಹೊರಗೆ ಹೋಗಿ ಬಾ.”

“ಹೊರಗೆ ಕಾಲಿಟ್ಟರೆ ಈ ಕೆಲಸವೊಂದುಳಿದು ಮಿಕ್ಕ ನೆನಪೆಲ್ಲ ಅಳಿಯುತ್ತದೆ. ಅಣ್ಣನನ್ನು ನೆನೆಯಲು ನನ್ನನ್ನು ಬಿಟ್ಟರೆ ಯಾರಿದ್ದಾರೆ? ನಾನು ಏಳುವುದಿಲ್ಲ.”

ಹೊಸ ಹೆಸರುಗಳು ಅವಳ ಪಾಲಿಗೆ ಬರುತ್ತಲೇ ಇದ್ದವು. ಆರನೆಯದು ಬಂದೊಡನೆ ಅಜಿತಸೇನಯ್ಯನವರು ಅವಳ ಮುಡಿ ಹಿಡಿದು ಹೊಸ್ತಿಲಾಚೆಗೆ ಎಳೆದೊಯ್ದರು. ಹಣೆ ಕಲ್ಲಿಗೆ ಬಡಿದು ಸೀಳಿತು.

ಮರಳಿ ಒಳಬಂದವಳು ಅಣ್ಣನ ತಲೆಯ ಮುಂದೆ ಶಾಂತವಾಗಿ ಕುಳಿತಳು.

“ಇವರ ಹೆಸರು ಹೇಳಿ, ಅಯ್ಯ. ನನ್ನಲ್ಲಿ ಸ್ಥಳ ಬೇಕಾದಷ್ಟಿದೆ.”