ಹರಿಯದ ಹಾಳೆ

"ಹಾಳೆ ಮೊದಲೇ ಹರಿದಿತ್ತು ಕಣಮ್ಮ, ಕಿರಣ ತೂತಿಂದ ನುಸುಳಿದೆ. ಗಂಟುಮೂಟೆ ಕಟ್ಟು," ಎಂದರು ಮೇಷ್ಟ್ರು. ಎಕ್ಸ್-ರೇ ಯಂತ್ರ ಅವರ ಪಾಲಿಗಿದ್ದುದು ಇನ್ನು ಹತ್ತೇ ನಿಮಿಷ. ಮುಂದಿನ ತಂಡ ಆಗಲೇ ಬಾಗಿಲಲ್ಲಿ ಚಡಪಡಿಸುತ್ತಿತ್ತು. ಮೂರು ವರ್ಷ ಈ ದಿನಕ್ಕಾಗಿ ಕಾದಿದ್ದ ಶಿಷ್ಯೆಗೆ ಕೂತಲ್ಲಿ ಕೂರಲಾಗಲಿಲ್ಲ. ಎಕ್ಸ್-ರೇಯನ್ನು ತಡೆಯಬೇಕಿದ್ದ ಅಲ್ಯೂಮಿನಿಯಂ ಹಾಳೆ, ಕಿರಣ ಜೋರಾದೊಡನೆ ಗಾಜಿನಂತೆ ದಾರಿ ಬಿಟ್ಟಿತ್ತು.

"ಸಾರ್, ಜೋರು ಕಿರಣವೇ ಹಾಳೇನ ಗಾಜಿನ ಥರ ಮಾಡ್ತಿರ್ಬೇಕು. ಹಾಳೆಯ ಹೊಸ ಜಾಗದಲ್ಲಿ ಎರಡೇ ಸಲ. ಮೊದಲು ಮೆತ್ತಗೆ, ಆಮೇಲೆ ಅಲ್ಲೇ ಜೋರಾಗಿ. ತೂತಿದ್ರೆ ಮೆತ್ತಗಿನದೂ ದಾಟ್ಬೇಕಲ್ವಾ?"

ಉತ್ತರಕ್ಕೆ ಕಾಯದೆ ಹಾಳೆಯನ್ನು ತುಸು ಸರಿಸಿ, ಮೆತ್ತಗಿನ ಕಿರಣದ ಗುಂಡಿ ಒತ್ತಿದಳು. ಹಾಳೆಯ ಹಿಂದಿನ ಪರದೆ ಕಪ್ಪಗೇ ಉಳಿಯಿತು. ಹಾಳೆ ಗಟ್ಟಿಯಾಗಿಯೇ ಇತ್ತು. ಅಲ್ಲೇ ಜೋರಿನದನ್ನೂ ಒತ್ತಿದಳು. ಪರದೆ ಬೆಳ್ಳಗೆ ಬೆಳಗಿತು.

ಮೇಷ್ಟ್ರು ಹೆಗಲಿನ ಚೀಲ ಇಳಿಸಿ ಬಾಗಿಲಿನತ್ತ ತಿರುಗಿದರು. "ಇನ್ನೈದು ನಿಮಿಷ ಕೊಡ್ರಪ್ಪಾ. ಇವಳು ಹೇಳಿದ್ದೇ ಸರಿ, ತಪ್ಪು ನಂದು."