ಸಿಂಹಾಸನದ ಬೆನ್ನು

ಆ ಮಾತು ನಾಟಕದಲ್ಲಿರಲಿಲ್ಲ.

"ಸಿಂಹಾಸನದ ಮುಂದೆ ನಿಂತವರಿಗೆ ಬಂಗಾರ ಕಾಣುತ್ತದೆ. ಹಿಂದೆ ಬಂದು ನೋಡಿ. ಬರೀ ಹಲಗೆ, ಮೊಳೆ!" ಎಂದ ರಾಜ. ಸಭಾಂಗಣ ಒಂದು ಕ್ಷಣ ಉಸಿರು ಹಿಡಿಯಿತು. ಆಮೇಲೆ ಚಪ್ಪಾಳೆ.

ಪರದೆಯ ಪಕ್ಕದಲ್ಲಿ ನಿಂತಿದ್ದ ನಿರ್ದೇಶಕನ ಮೈ ಜುಮ್ಮೆಂದಿತು. ರಾಜನ ಪಾತ್ರ ಅವನ ಅಪ್ಪನದು. ನಾಟಕ ಬರೆದದ್ದು ತಾತ. ತಾತನ ಒಂದಕ್ಷರವನ್ನೂ ಆಚೀಚೆ ಮಾಡದಿದ್ದ ಅಪ್ಪ, ಈ ಇಳಿವಯಸ್ಸಿನಲ್ಲಿ ಸ್ವಂತ ಮಾತು ಸೇರಿಸತೊಡಗಿದ್ದ. ಪತ್ರಿಕೆಗಳು 'ಮುಪ್ಪಿನಲ್ಲಿ ಮೂಡಿದ ದನಿ' ಎಂದು ಕೊಂಡಾಡಿದ್ದವು.

ಆ ಮನೆಯಲ್ಲಿ ಕಲೆ ಒಲಿಯದವಳು ಅಮ್ಮ ಒಬ್ಬಳೇ. ಸಿಂಹಾಸನದ ಹಿಂದೆ, ಕಪ್ಪು ಬಟ್ಟೆಯ ಮರೆಯಲ್ಲಿ, ಗಿಡ್ಡ ಸ್ಟೂಲಿನ ಮೇಲೆ ಕೂತು, ನಟರು ಮರೆತ ಮಾತನ್ನು ಪಿಸುಗುಟ್ಟಿ ನೆನಪಿಸುವುದು ಅವಳ ಪಾಲು. ಅದನ್ನು ಯಾರೂ ಕೆಲಸವೆಂದು ಕರೆದಿರಲಿಲ್ಲ. ಧೂಳಿಗೆ ಕೆಮ್ಮು ಬಂದರೆ ಬಾಯಲ್ಲೊಂದು ಪೆಪ್ಪರ್‌ಮಿಂಟು. ಸೊಂಟ ಹಿಡಿದರೆ, ಹಿಡಿದುಕೊಳ್ಳಲಿ.

ವಿರಾಮದಲ್ಲಿ ಅಪ್ಪ ಕಿರೀಟ ತೆಗೆದು ಕನ್ನಡಿಯ ಮುಂದೆ ಕೂತಿದ್ದ.

"ನಂದು ಊಟ ಆಯ್ತಾ?"

"ಆಯ್ತು" ಎಂದಳು ಅಮ್ಮ.

ಅವನು ಮತ್ತೆ ಕೇಳಿದ. ಅವಳು ಮತ್ತೆ ಆಯ್ತು ಎಂದಳು.

"ಕಲಾವಿದರ ಮರೆವು!" ಮಗ ನಕ್ಕ. "ಅಪ್ಪ ಬೇರೆ ಲೋಕದಲ್ಲಿದ್ದಾರೆ ಕಣಮ್ಮ. ಅಂದ ಹಾಗೆ, ನಾಳೆಯಿಂದ ನೀನು ಅಲ್ಲಿ ಕೂರೋದು ಬೇಡ."

"ಯಾಕೋ?"

"ಮಾತು ಹುಟ್ಟಿಸೋರಿಗೆ ಮಾತು ಎತ್ತಿಕೊಡೋರು ಯಾಕೆ? ಆ ಸಿಂಹಾಸನಾನೂ ತೆಗೆದು ಬಿಸಾಕ್ತೀನಿ. ಕಾಲುನೋವು ಅಂತ ಅಪ್ಪ ಅದಕ್ಕೇ ಅಂಟ್ಕೊಂಡಿರ್ತಾರೆ. ವೇದಿಕೆ ತುಂಬಾ ಓಡಾಡಲಿ."

"ಮೊನ್ನೆ ನನಗೆ ಜ್ವರ ಬಂದಾಗ ಅವರು ಬಣ್ಣಾನೇ ಹಚ್ಚಲಿಲ್ಲ, ನೆನಪಿದೆಯಾ?"

"ಅದು ಪ್ರೀತಿ! ಊರೆಲ್ಲ ಮಾತಾಡ್ಕೊಳ್ತು. ನೀನೂ ಸುಸ್ತಾಗಿದ್ದೀಯ, ಮನೇಲಿ ಒಂದು ಕಡೆ ಬಿದ್ಕೊಂಡಿರು."

"ಮದುವೆ ಆದಾಗಿಂದ ಒಂದು ಕಡೆ ಬಿದ್ಕೊಂಡೇ ಇದ್ದೀನಲ್ಲೋ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿಗೂ ತ್ರಾಣ ಬೇಕು. "ನಿನಗೊಂದು ವಿಷಯ ಹೇಳೋದಿತ್ತು."

"ಆಮೇಲೆ ಹೇಳಮ್ಮ. ಬೆಲ್ ಆಯ್ತು."

ಅಮ್ಮ ಗೋಡೆ ಹಿಡಿದು ಎದ್ದಳು. ಪೆಪ್ಪರ್‌ಮಿಂಟಿನ ಡಬ್ಬಿ ಮೇಜಿನ ಮೇಲೆಯೇ ಉಳಿಯಿತು.

"ಅಮ್ಮಾ, ಡಬ್ಬಿ!"

"ಇರಲಿ ಬಿಡು."

ಕೊನೆಯ ದೃಶ್ಯ. ರಾಜ ಸಿಂಹಾಸನಕ್ಕೆ ತಲೆ ಒರಗಿಸಿ ಸುಮ್ಮನೆ ಕೂತ. ವಿಮರ್ಶಕರು ಹಾಡಿ ಹೊಗಳಿದ ಮೌನ ಅದೇ. ಆಮೇಲೆ ತುಟಿ ಅಲುಗಿತು.

"ದಣಿದಿದ್ದೇನೆ. ಇಷ್ಟು ವರ್ಷ ಬೇರೆಯವರ ಮಾತನ್ನು ಉಸಿರಿಗಿಂತ ಮೆಲ್ಲಗೆ ಆಡಿದೆ. ಈಗ ನನ್ನದೇ ಮಾತು ಹುಟ್ಟಿದೆ. ಬಾಯಿ ಮಾತ್ರ ನನ್ನದಲ್ಲ."

ಸಭಾಂಗಣ ಸ್ತಬ್ಧವಾಯಿತು. ಮಗನ ಕಣ್ಣು ತುಂಬಿ ಬಂತು. ಎಂಥ ಅಪ್ಪ!

ಆ ನಿಶ್ಶಬ್ದದಲ್ಲಿ, ಕಪ್ಪು ಬಟ್ಟೆಯ ಹಿಂದೆ, ಅಮ್ಮ ಕೆಮ್ಮಿದಳು. ಎರಡು ಸಲ ಗಿಡ್ಡಕ್ಕೆ, ಒಂದು ಸಲ ಉದ್ದಕ್ಕೆ.

ರಾಜ ಎದೆಯುಬ್ಬಿಸಿ, ಕೊನೆಯ ಸಾಲಿಗೂ ಕೇಳುವಂತೆ, ಕೆಮ್ಮಿದ: ಎರಡು ಸಲ ಗಿಡ್ಡಕ್ಕೆ, ಒಂದು ಸಲ ಉದ್ದಕ್ಕೆ.